ಅಂಗೈ ಅಗಲದ ಆಸರೆ

ಚಿತ್ತಾಪುರದ ಒಂದು ಮನೆಯ ಹಿತ್ತಲಿನಲ್ಲಿ ತಾಡಪತ್ರಿ ಹೊದ್ದುಕೊಂಡು ಒಂದು ಯಮಹಾ ಆರ್‌ಎಕ್ಸ್ 100 ವರ್ಷಗಟ್ಟಲೆ ನಿಂತಿತ್ತು. ಮನೆಯ ಯಜಮಾನರು ಫರಸಿ ಕಲ್ಲಿನ ವ್ಯಾಪಾರದವರು. ಹರೆಯದಲ್ಲಿ ಅದೇ ಗಾಡಿಯ ಮೇಲೆ ಶಹಾಬಾದ್, ವಾಡಿ, ಸೇಡಂ, ಚಿಂಚೋಳಿ ಎಂದು ಸುತ್ತಿ ಆರ್ಡರು ಹಿಡಿದು ತಂದವರು. ಕಾರು ಬಂದ ಮೇಲೆ ಗಾಡಿ ಮೂಲೆ ಸೇರಿತು. ಮಾರಲು ಮಾತ್ರ ಮನಸ್ಸಾಗಲಿಲ್ಲ.

ಆರ್‌ಎಕ್ಸ್ 100 ಭಾರತದ ರಸ್ತೆಗೆ ಬಂದದ್ದು 1985ರಲ್ಲಿ. ತಯಾರಿಕೆ ನಿಂತದ್ದು 1996ರಲ್ಲಿ. ಎಂಜಿನ್ 98 ಸಿಸಿ, ಶಕ್ತಿ ಸುಮಾರು ಹನ್ನೊಂದು ಅಶ್ವಶಕ್ತಿ, ತೂಕ ನೂರು ಕಿಲೋಗಿಂತ ತುಸು ಹೆಚ್ಚು. ಹಗುರ ಮೈ, ಚುರುಕು ಎಂಜಿನ್ ಸೇರಿ ಎಕ್ಸಲರೇಟರ್ ತಿರುವಿದ ಕೂಡಲೇ ಮುಂದಕ್ಕೆ ಜಿಗಿಯುವ ಗುಣ ಅದಕ್ಕೆ ಬಂದಿತ್ತು. ಹೊರದೇಶದ ಸಿನಿಮಾಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರಿಗೆ ಇರುವ ಮರ್ಯಾದೆ ಕಲಬುರಗಿ ಜಿಲ್ಲೆಯ ಹುಡುಗರಲ್ಲಿ ಈ ಗಾಡಿಗೆ ಇಂದಿಗೂ ಇದೆ.

ಹೀಗಿರುವಾಗ, ಮನೆಯ ಮಗ ಹತ್ತೊಂಬತ್ತು ವರ್ಷದವನಾದ. ಕಾಲೇಜಿಗೆ ಗಾಡಿ ಬೇಕೆಂದ. ಹೊಸದು ಬೇಡ, ಅಪ್ಪನದೇ ಸಾಕು ಎಂದದ್ದು ಅಪ್ಪನಿಗೆ ಖುಷಿ ಕೊಟ್ಟಿತು. ಮೆಕ್ಯಾನಿಕ್ ಬಂದು ಕಾರ್ಬುರೇಟರ್ ತೊಳೆದ, ಪ್ಲಗ್ ಬದಲಿಸಿದ, ಬ್ರೇಕ್ ಬಿಗಿ ಮಾಡಿದ. ಟೈರುಗಳನ್ನು ಯಾರೂ ಮುಟ್ಟಲಿಲ್ಲ. ಅವುಗಳ ಗೆರೆಗಳು ಹೊಸದರಂತೆ ಆಳವಾಗಿಯೇ ಇದ್ದವು.

ಅದು 2023ರ ಜೂನ್ ತಿಂಗಳು. ಮೊದಲ ಮಳೆ ಬಿದ್ದ ಸಂಜೆ ಹುಡುಗ ಸೇಡಂ ಕಡೆಯಿಂದ ಮನೆಗೆ ಬರುತ್ತಿದ್ದ. ಮಳಖೇಡ ದಾಟಿದ ಮೇಲೆ ಒಂದು ತಿರುವಿನಲ್ಲಿ ಮುಂದಿನ ಗಾಲಿ ಸರ್ರನೆ ಜಾರಿತು. ವೇಗ ಹೆಚ್ಚಿರಲಿಲ್ಲ. ಮೊಣಕೈ, ಮೊಣಕಾಲು ತರಚಿದವು. ಹೆಲ್ಮೆಟ್ಟಿನ ಒಂದು ಬದಿ ಉಜ್ಜಿ ಹೋಯಿತು. ಹಿಂದೆ ಬರುತ್ತಿದ್ದ ಸಿಮೆಂಟ್ ಲಾರಿಯ ಚಾಲಕ ದೂರದಿಂದಲೇ ನೋಡಿ ನಿಲ್ಲಿಸಿದ್ದರಿಂದ ದೊಡ್ಡದೇನೂ ಆಗಲಿಲ್ಲ.

ಆ ರಾತ್ರಿ ಮನೆಯಲ್ಲಿ ವಾದ ಎದ್ದಿತು.

“ಗೆರಿ ಹೆಂಗಿದ್ವೋ ಹಂಗೇ ಅವ. ಟೈರಿಗೇನಾಗ್ಯದ? ಮಳ್ಯಾಗ ಯಾವ ಗಾಡಿಯಾದ್ರೂ ಜಾರ್ತದ” ಎಂದರು ಅಪ್ಪ.

“ಇಲ್ಲಪ್ಪಾ, ಟೈರ್ ಭಾಳ ಸಣ್ಣವು ಅವ. ಹಿಂದ ಒಂದು ಅಗಲಂದು ಹಾಕಿದ್ರ ಜಾರಂಗಿಲ್ಲ” ಎಂದ ಮಗ. ಗೆಳೆಯನ ಗಾಡಿಗೆ ಹಾಕಿದ ದಪ್ಪ ಟೈರು ಅವನ ಕಣ್ಣಲ್ಲಿ ಕೂತಿತ್ತು.

ತಾಯಿ ಗಾಡಿಯನ್ನೇ ಮಾರಿಬಿಡಿ ಎಂದರು.

ಮರುದಿನ ಅಪ್ಪ ಮಗ ಇಬ್ಬರೂ ವಾಡಿಗೆ ಹೋದರು. ಅಲ್ಲಿ ಲಾರಿ ಟೈರುಗಳ ಕೆಲಸ ಮಾಡುತ್ತಲೇ ತಲೆ ನರೆತ ಚಾಚಾ ಒಬ್ಬರ ಅಂಗಡಿ ಇದೆ. ಚಾಚಾ ಗೆರೆಗಳನ್ನು ನೋಡಲೇ ಇಲ್ಲ. ಟೈರಿನ ಪಕ್ಕದ ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಪುಟ್ಟ ಚೌಕಟ್ಟಿನೊಳಗಿದ್ದ ನಾಲ್ಕು ಅಂಕಿ ತೋರಿಸಿದರು: 2212.

“ಇಪ್ಪತ್ತೆರಡನೇ ವಾರ, ಹನ್ನೆರಡನೇ ಇಸ್ವಿ. ಸಾವ್ಕಾರ್ರ, ನಿಮ್ಮ ಹುಡುಗ ಮೂರನೇ ಕ್ಲಾಸ್ ಇದ್ದಾಗಿನ ಟೈರ್ ಇದು.”

ಆಮೇಲೆ ಉಗುರಿನಿಂದ ರಬ್ಬರನ್ನು ಒತ್ತಿದರು. ಅದು ತಗ್ಗಲಿಲ್ಲ. ಟೈರನ್ನು ಬಾಗಿಸಿದಾಗ ಗೆರೆಗಳ ತಳದಲ್ಲಿ ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಟ್ಟವು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ವಿಜ್ಞಾನವಿದೆ. ಹಸಿ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯೂ ಪುಟಿಯುವಂಥದೂ ಆಗುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ರಬ್ಬರಿನ ಉದ್ದುದ್ದ ಅಣುಗಳ ನಡುವೆ ಗಂಧಕವು ಸೇತುವೆ ಕಟ್ಟುತ್ತದೆ. ಆದರೆ ಈ ಕೆಲಸ ಕಾರ್ಖಾನೆಯಲ್ಲೇ ಮುಗಿಯುವುದಿಲ್ಲ. ಬಿಸಿಲು, ಗಾಳಿಯ ಆಮ್ಲಜನಕ ಸೇರಿ ವರ್ಷದಿಂದ ವರ್ಷಕ್ಕೆ ಇನ್ನಷ್ಟು ಸೇತುವೆ ಕಟ್ಟುತ್ತಾ ರಬ್ಬರನ್ನು ಬಿರುಸಾಗಿಸುತ್ತವೆ. ಓಝೋನ್ ಅನಿಲವು ಮೇಲ್ಮೈಯಲ್ಲಿ ಬಿರುಕು ಬಿಡಿಸುತ್ತದೆ. ಇದನ್ನು ತಡೆಯಲೆಂದೇ ಟೈರಿನೊಳಗೆ ಮೇಣದಂಥ ಪದಾರ್ಥ ಬೆರೆಸಿರುತ್ತಾರೆ. ಗಾಲಿ ಉರುಳಿ ಬಾಗುತ್ತಿದ್ದರೆ ಅದು ಮೇಲ್ಮೈಗೆ ಚೆನ್ನಾಗಿ ಬರುತ್ತದೆ. ನಿಂತೇ ಇರುವ ಗಾಡಿಯಲ್ಲಿ ಆ ರಕ್ಷಣೆ ಕಡಿಮೆ. ಬೇಸಿಗೆಯಲ್ಲಿ ನಲವತ್ತೆರಡು ಡಿಗ್ರಿ ದಾಟುವ ಈ ಸೀಮೆಯಲ್ಲಿ ಹಿತ್ತಲಿನ ಟೈರು ಓಡದೆಯೇ ಮುದಿಯಾಗುತ್ತದೆ.

ಕಾನೂನು ನೋಡುವುದು ಗೆರೆಯ ಆಳವನ್ನು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದ್ವಿಚಕ್ರ ವಾಹನದ ಟೈರಿನ ಗೆರೆ ಕನಿಷ್ಠ 0.8 ಮಿಲಿಮೀಟರ್, ಕಾರಿನದು 1.6 ಮಿಲಿಮೀಟರ್ ಇರಬೇಕು. ಈ ಗಾಡಿ ಆ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತಿತ್ತು. ಹಳೆಯ ಹವಾಯಿ ಚಪ್ಪಲಿ ಸವೆಯದಿದ್ದರೂ ಒದ್ದೆ ಫರಸಿಯ ಮೇಲೆ ಜಾರುತ್ತದಲ್ಲ, ಇದೂ ಹಾಗೆಯೇ.

ಇದು ಬಡ ಗಾಡಿಗಳ ಕಥೆ ಮಾತ್ರವಲ್ಲ. ಸಿನಿಮಾ ನಟ ಪಾಲ್ ವಾಕರ್ 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ಗೆಳೆಯ ಓಡಿಸುತ್ತಿದ್ದ ಪೋರ್ಷೆ ಕರೇರಾ ಜಿಟಿ ಕಾರಿನ ಅಪಘಾತದಲ್ಲಿ ತೀರಿಕೊಂಡ. ತನಿಖೆ ನಡೆಸಿದವರು ಅತಿ ವೇಗವೇ ಕಾರಣವೆಂದರು. ಜೊತೆಗೆ, ಆ ಸ್ಪೋರ್ಟ್ಸ್ ಕಾರಿನ ಟೈರುಗಳು ಸುಮಾರು ಒಂಬತ್ತು ವರ್ಷ ಹಳೆಯವೆಂದೂ, ಅದರಿಂದ ಕಾರಿನ ಹಿಡಿತಕ್ಕೆ ಧಕ್ಕೆಯಾಗಿರಬಹುದೆಂದೂ ದಾಖಲಿಸಿದರು.

ಅಪ್ಪನ ವಾದ ಹೀಗೆ ಬಿದ್ದಿತು. ಇನ್ನು ಮಗನದು.

“ಚಾಚಾ, ಹಿಂದ ಅಗಲಂದು ಹಾಕ್ರಿ” ಎಂದ ಹುಡುಗ.

ಚಾಚಾ ಅಂಗೈ ಚಾಚಿದರು. “ಬೇಟಾ, ರೋಡಿಗೆ ಹತ್ತೋದು ಇಷ್ಟೇ. ಅಗಲ ಹಾಕಿದ್ರೂ ಇಷ್ಟೇ.”

ಅನುಭವದ ಈ ಮಾತಿಗೆ ಎಂಟನೇ ತರಗತಿಯ ಲೆಕ್ಕದ ಬೆಂಬಲವಿದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಇಬ್ಬರು ಕೂತಾಗ ಹಿಂದಿನ ಗಾಲಿಯ ಮೇಲೆ 140 ಕಿಲೋ ಭಾರ ಬಿತ್ತೆನ್ನೋಣ. ಟೈರಿನಲ್ಲಿ 28 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡು ಕಿಲೋ ಗಾಳಿ ಇದ್ದರೆ, ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ 70 ಚದರ ಸೆಂಟಿಮೀಟರ್. ಬೆರಳು ಬಿಟ್ಟರೆ ಒಂದು ಅಂಗೈ. ಗಾಳಿ ಅಷ್ಟೇ ಇದ್ದರೆ ಅಗಲದ ಟೈರಿನಲ್ಲಿ ಆ ಜಾಗದ ಆಕಾರ ಬದಲಾಗುತ್ತದೆ. ವಿಸ್ತೀರ್ಣ ಹೆಚ್ಚೇನೂ ಬೆಳೆಯುವುದಿಲ್ಲ. ಮೇಲಾಗಿ ಕಿರಿದಾದ ರಿಮ್ಮಿಗೆ ದಪ್ಪ ಟೈರು ತುರುಕಿದರೆ ಅದರ ಅಂಚುಗಳು ಒಳಕ್ಕೆ ಹಿಚುಕಿ ನೆತ್ತಿ ಉಬ್ಬುತ್ತದೆ, ತಿರುವಿನಲ್ಲಿ ಗಾಡಿ ತೊನೆಯುತ್ತದೆ.

ಹಾಗಾದರೆ ಆರಿಸುವುದು ಹೇಗೆ? ಗಾಡಿ ತಯಾರಿಸಿದವರು ಹೇಳಿದ ಅಳತೆಯೇ ಮೊದಲು. ಆರ್‌ಎಕ್ಸ್ 100ಕ್ಕೆ ಮುಂದೆ 2.50–18, ಹಿಂದೆ 2.75–18. ಮೊದಲ ಅಂಕಿ ಇಂಚಿನಲ್ಲಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಅದರ ಪಕ್ಕದಲ್ಲಿ ಒಂದು ಅಂಕಿ, ಒಂದು ಅಕ್ಷರ ಇರುತ್ತವೆ. 42 ಎಂದಿದ್ದರೆ ಆ ಟೈರು 150 ಕಿಲೋ ಭಾರ ಹೊರಬಲ್ಲದು. ‘ಪಿ’ ಎಂದಿದ್ದರೆ ಗಂಟೆಗೆ 150 ಕಿಲೋಮೀಟರ್ ವೇಗ ತಡೆಯಬಲ್ಲದು. ಭಾರದ ಅಂಕಿ ತಯಾರಕರು ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಆಮೇಲೆ ಹುಟ್ಟಿದ ವಾರ, ವರ್ಷ. 2000ದಿಂದ ಈಚೆಗೆ ಈ ಗುರುತು ನಾಲ್ಕು ಅಂಕಿಯದು. ಮೂರೇ ಅಂಕಿ ಇದ್ದರೆ ಅದು ಹಿಂದಿನ ಶತಮಾನದ ಮಾಲು. ಹಳೆಯ ಗಾಡಿಗಳ ಅಳತೆ ನಿಧಾನವಾಗಿ ಖರ್ಚಾಗುವುದರಿಂದ ಅಂಗಡಿಯಲ್ಲೇ ವರ್ಷಗಟ್ಟಲೆ ಕೂತಿರುವುದುಂಟು. ‘ಹೊಸದು’ ಎಂಬ ಮಾತಿಗಿಂತ ಆ ಅಂಕಿಯನ್ನು ನಂಬುವುದು ಲೇಸು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು; ಹತ್ತು ವರ್ಷದ್ದನ್ನು ನೋಡಲು ಹೇಗಿದ್ದರೂ ತೆಗೆಯಬೇಕು ಎಂದು ದೊಡ್ಡ ಕಂಪನಿಗಳೇ ಸಲಹೆ ಕೊಡುತ್ತವೆ.

ಹುಡುಗರು ಅಂದಕ್ಕಾಗಿ ಹಿಂದಿನ ಟೈರಿಗೆ ಹಣ ಹಾಕುತ್ತಾರೆ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ. ಗಾಡಿ ತಿರುಗಿಸುವುದೂ ಮುಂದಿನ ಗಾಲಿಯೇ. ಆದ್ದರಿಂದ ಎರಡನ್ನೂ ಒಟ್ಟಿಗೆ ಬದಲಿಸುವುದೇ ಸರಿ. ಕಡ್ಡಿಗಳಿರುವ ಈ ಗಾಲಿಗೆ ಟ್ಯೂಬ್ ಬೇಕೇ ಬೇಕು. ಅದೂ ಹೊಸದೇ ಆಗಬೇಕು. ಚಿಂಚೋಳಿಯ ಕಾಡಿನ ದಾರಿಗೆಂದು ಉಬ್ಬುಬ್ಬಾದ ಬಟನ್ ಟೈರು ಕೇಳುವವರೂ ಇದ್ದಾರೆ. ಮಣ್ಣಿನಲ್ಲಿ ಅದು ಚೆನ್ನ. ಡಾಂಬರಿನ ಮೇಲೆ ಆ ಅಂಗೈಯಲ್ಲೂ ಅರ್ಧ ಜಾಗ ಖಾಲಿಯಾಗುತ್ತದೆ. ಇಲ್ಲಿನ ರಸ್ತೆಗಳಲ್ಲಿ ನಿಜವಾದ ಅಪಾಯ ಮೊದಲ ಮಳೆಯದು. ಲಾರಿಗಳಿಂದ ಉದುರಿದ ಸಿಮೆಂಟು, ಸುಣ್ಣಕಲ್ಲಿನ ಪುಡಿ, ಟ್ರ್ಯಾಕ್ಟರ್ ಗಾಲಿಗಳು ತಂದ ಎರೆಮಣ್ಣು ನೀರಿಗೆ ಕಲೆತು ಲೋಳೆಯಾಗುತ್ತವೆ. ಆ ಲೋಳೆಯನ್ನು ಹೊರಗೆ ಹಾಕುವುದು ಗೆರೆಗಳ ಕೆಲಸ; ಕೆಳಗಿನ ನೆಲವನ್ನು ಹಿಡಿಯುವುದು ಮೆತ್ತನೆಯ ರಬ್ಬರಿನ ಕೆಲಸ. ಎರಡೂ ಬೇಕು.

ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿದ್ದಾಗ ನೋಡಬೇಕು. 25 ಡಿಗ್ರಿಯಲ್ಲಿ 28 ಪೌಂಡು ಇದ್ದದ್ದು ಟೈರು 60 ಡಿಗ್ರಿಗೆ ಕಾದಾಗ 33ರ ಹತ್ತಿರ ಬರುತ್ತದೆ. ಹೆಚ್ಚಾಯಿತೆಂದು ಮಧ್ಯಾಹ್ನ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಬೀಳುತ್ತದೆ.

ಚಾಚಾ ಕಂಪನಿ ಅಳತೆಯ ಎರಡು ಟೈರು, ಎರಡು ಟ್ಯೂಬು ಹಾಕಿದರು. ಹುಡುಗನ ಮುಖ ಮೊದಲು ತುಸು ಸಪ್ಪಗಾದರೂ ವಾಪಸು ಬರುವಾಗ ಗಾಡಿ ತಿರುವಿನಲ್ಲಿ ಹಗುರಾಗಿ ಒಲಿಯಿತು. ಹಿಂದೆ ಕೂತಿದ್ದ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ರೊಕ್ಕ ಉಳಸ್ಲಿಕ್ಕೆ ಹೋಗಿ ನಿನ್ನೇ ಕಳ್ಕೋತಿದ್ದೆ ನೋಡು” ಎಂದರು. ಮಗ ಉತ್ತರ ಕೊಡಲಿಲ್ಲ; ವೇಗ ಸ್ವಲ್ಪ ತಗ್ಗಿಸಿದ.

ಗಾಳಿ ತುಂಬಿದ ಟೈರು ಲೋಕಕ್ಕೆ ಪರಿಚಯವಾದದ್ದೂ ಒಬ್ಬ ತಂದೆಯಿಂದಲೇ. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕುಲುಕದಿರಲೆಂದು ಅದನ್ನು ಮಾಡಿ 1888ರಲ್ಲಿ ಪೇಟೆಂಟ್ ಪಡೆದ.

ಚಿತ್ತಾಪುರದ ಆ ಮನೆಗೆ ಈಗ ನೆಂಟರು ಗಾಡಿಯಲ್ಲಿ ಬಂದರೆ ಯಜಮಾನರು ಚಹಾ ಹೇಳುವ ಮೊದಲು ಅಂಗಳಕ್ಕಿಳಿದು, ಕನ್ನಡಕ ಏರಿಸಿ, ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾರೆ. ನಾಲ್ಕು ಅಂಕಿ ಓದಿದ ಮೇಲೆಯೇ ಕ್ಷೇಮ ಸಮಾಚಾರ.