‘ರಕ್ತದಲ್ಲೇ ಬಂದದ್ದು’ ಎನ್ನುವ ಮೊದಲು

“ಅವನ ಅಪ್ಪನೂ ಹಾಗೇ ಅಲ್ವಾ ಮಾಷ್ಟ್ರೇ, ರಕ್ತದಲ್ಲೇ ಬಂದದ್ದು. ನಾವೇನು ಮಾಡ್ಲಿಕ್ಕಾಗ್ತದೆ?” ಎಂಟನೆಯ ತರಗತಿಯ ಹುಡುಗನ ಕಿಸೆಯಲ್ಲಿ ತಂಬಾಕಿನ ಪೊಟ್ಟಣ ಸಿಕ್ಕಿದರೆ ಸಾಕು, ಕಾಸರಗೋಡಿನ ಕಡೆಯ ನಮ್ಮ ಕನ್ನಡ ಶಾಲೆಗಳ ಸ್ಟಾಫ್ ರೂಮಿನಲ್ಲಿ, ಪಿ.ಟಿ.ಎ. ಸಭೆಯಲ್ಲಿ ಈ ಮಾತು ಬಂದೇ ಬರುತ್ತದೆ. ಅಮಲು ಪದಾರ್ಥಗಳ ಬಗ್ಗೆ ನಮ್ಮ ಕೈಗೆ ಬರುವ ಕರಪತ್ರಗಳು ಹೆಚ್ಚಾಗಿ ಮಲಯಾಳದವು. ಅವುಗಳಲ್ಲೂ ಈ ‘ರಕ್ತ’ದ ವಿಷಯ ಇರುವುದಿಲ್ಲ. ಹಾಗಾಗಿ ನಮಗೆ ತಿಳಿದಷ್ಟನ್ನು ಕನ್ನಡದಲ್ಲಿ ಬರೆಯೋಣ ಎನಿಸಿತು.

ವಿಜ್ಞಾನದಲ್ಲಿ ಎಪಿಜೆನೆಟಿಕ್ಸ್ ಎಂಬ ಶಾಖೆ ಇದೆ. ಹೆಸರು ಕೇಳಿ ಹೆದರಬೇಡಿ. ‘ಈ ಪಾಠ ಪರೀಕ್ಷೆಗಿಲ್ಲ’ ಎಂದು ಪಠ್ಯಪುಸ್ತಕದ ಬದಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಸುತ್ತೇವಲ್ಲ, ಹಾಗೆಯೇ ಇದು. ಪುಸ್ತಕದ ಒಂದಕ್ಷರವೂ ಬದಲಾಗಿರುವುದಿಲ್ಲ, ಆದರೆ ಮಕ್ಕಳು ಆ ಪುಟ ತೆರೆಯುವುದೇ ಇಲ್ಲ! ಡಿ.ಎನ್.ಎ. ಮೇಲೂ ಇಂಥ ಗುರುತುಗಳಿವೆ. ಒಂದು ಕಾರ್ಬನ್, ಮೂರು ಹೈಡ್ರೋಜನ್ ಸೇರಿದ ಮಿಥೈಲ್ ಗುಂಪು ಅಂಟಿಕೊಂಡ ಕಡೆ ಜೀನು ಸಾಮಾನ್ಯವಾಗಿ ಮೌನವಾಗುತ್ತದೆ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮೀನಿ, ಮೋಶೆ ಸಿಫ್ ಮತ್ತು ಸಂಗಡಿಗರು 2004ರಲ್ಲಿ ಇಲಿಗಳ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವು ತಾಯಿ ಇಲಿಗಳು ಮರಿಗಳನ್ನು ತುಂಬಾ ನೆಕ್ಕುತ್ತವೆ, ಕೆಲವು ಅಷ್ಟಾಗಿ ಇಲ್ಲ. ಹೆಚ್ಚು ನೆಕ್ಕಿಸಿಕೊಳ್ಳದ ಮರಿಗಳ ಮಿದುಳಿನಲ್ಲಿ, ಒತ್ತಡದ ಹಾರ್ಮೋನಿಗೆ ಬ್ರೇಕ್ ಹಾಕಲು ನೆರವಾಗುವ ಜೀನಿನ ಮೇಲೆ ಮಿಥೈಲ್ ಗುರುತು ಹೆಚ್ಚು. ದೊಡ್ಡವಾದ ಮೇಲೂ ಅವು ಸಣ್ಣ ಸದ್ದಿಗೆ ಬೆಚ್ಚುವಂಥವು. ಇನ್ನು ಮುಖ್ಯ ಸಂಗತಿ: ಹುಟ್ಟಿದ ಕೂಡಲೇ ಮರಿಗಳನ್ನು ಅದಲುಬದಲು ಮಾಡಿದಾಗ ಗುರುತು ಹೆತ್ತವಳ ಪ್ರಕಾರ ಬರಲಿಲ್ಲ, ಸಾಕಿದವಳ ಪ್ರಕಾರ ಬಂತು. ‘ರಕ್ತದಲ್ಲೇ ಬಂದದ್ದು’ ಎನ್ನುವವರು ಈ ಇಲಿಗಳನ್ನೊಮ್ಮೆ ನೆನೆಯಬೇಕು. (ಹಾಗಂತ ಎಲ್ಲ ತಪ್ಪನ್ನೂ ಅಮ್ಮಂದಿರ ತಲೆಗೆ ಕಟ್ಟಬೇಡಿ; ಅವರ ಒತ್ತಡ ಕೇಳುವವರು ಯಾರು?)

2009ರಲ್ಲಿ ಅದೇ ತಂಡ 36 ಮೃತರ ಮಿದುಳುಗಳನ್ನು ಪರೀಕ್ಷಿಸಿತು. ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿ ಮುಂದೆ ಆತ್ಮಹತ್ಯೆ ಮಾಡಿಕೊಂಡವರಲ್ಲಿ ಅದೇ ಜೀನಿನ ಮೇಲೆ ಗುರುತು ಹೆಚ್ಚಿತ್ತು. ಅಂಥ ಬಾಲ್ಯವಿಲ್ಲದೆ ಆತ್ಮಹತ್ಯೆ ಮಾಡಿಕೊಂಡವರಲ್ಲಿ ಹಾಗಿರಲಿಲ್ಲ.

ಹಾಗಾದರೆ ರಕ್ತ ಪರೀಕ್ಷೆ ಮಾಡಿ ಯಾವ ಮಗು ಅಮಲಿಗೆ ಬೀಳುತ್ತದೆ ಎಂದು ಹೇಳಬಹುದೇ? ಆಗದು. ಬದುಕಿರುವ ಮಕ್ಕಳಿಂದ ತೆಗೆಯಲಾಗುವುದು ರಕ್ತ, ಎಂಜಲು ಮಾತ್ರ; ಅಲ್ಲಿಯ ಗುರುತು ಮಿದುಳಿನಲ್ಲೂ ಇರಬೇಕೆಂದಿಲ್ಲ. ಗುರುತು ಅಮಲಿನಿಂದ ಬಂತೋ, ಅಮಲಿಗೆ ಮೊದಲೇ ಇತ್ತೋ ಎಂದು ಬಿಡಿಸುವುದೂ ಕಷ್ಟ. ನಾಳೆ ಯಾರಾದರೂ ಅಂಥ ಪರೀಕ್ಷೆ ಹಿಡಿದುಕೊಂಡು ಶಾಲೆಗೆ ಬಂದರೆ ನಾವಂತೂ ಬೇಡವೆನ್ನುತ್ತೇವೆ. ‘ಕುಡುಕನ ಮಗ’ ಎಂಬ ಹಣೆಪಟ್ಟಿಯೇ ಸಾಕಾಗಿದೆ.

ಶಾಲೆಗೆ ನೇರ ಸಂಬಂಧಪಟ್ಟದ್ದು ಇನ್ನೊಂದು ಪ್ರಯೋಗ. ನೊಬೆಲ್ ಪಡೆದ ಎರಿಕ್ ಕ್ಯಾಂಡೆಲ್, ಪತ್ನಿ ಡೆನಿಸ್ ಕ್ಯಾಂಡೆಲ್ ಮತ್ತಿತರರು 2011ರಲ್ಲಿ ಪ್ರಕಟಿಸಿದ್ದು. ಚಿಟ್ಟಿಲಿಗಳಿಗೆ 7 ದಿನ ಕುಡಿಯುವ ನೀರಿನಲ್ಲಿ ನಿಕೋಟಿನ್ ಕೊಟ್ಟು ಆಮೇಲೆ ಕೊಕೇನ್ ಕೊಟ್ಟರು. ಕೊಕೇನಿನ ಪರಿಣಾಮ ಬಹಳ ಹೆಚ್ಚಾಯಿತು. ಕ್ರಮ ತಿರುಗಿಸಿ ಮೊದಲು ಕೊಕೇನ್ ಕೊಟ್ಟಾಗ ಹಾಗಾಗಲಿಲ್ಲ. ಡಿ.ಎನ್.ಎ. ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನಿನ ಹಿಡಿತವನ್ನು ನಿಕೋಟಿನ್ ಸಡಿಲಿಸಿ, ಚಟಕ್ಕೆ ಸಂಬಂಧಿಸಿದ ಜೀನು ಸುಲಭವಾಗಿ ತೆರೆದುಕೊಳ್ಳುವಂತೆ ಮಾಡಿತ್ತು. ಇಲಿಯ ಲೆಕ್ಕ ಹುಡುಗರಿಗೆ ಹಾಗೆಯೇ ಹೊಂದಬೇಕೆಂದಿಲ್ಲ. ಆದರೂ ‘ಬರೀ ತಂಬಾಕು ತಾನೇ, ಗಾಂಜಾ ಅಲ್ಲವಲ್ಲ’ ಎಂದು ಸಮಾಧಾನಪಡುವ ಹೆತ್ತವರು ಸ್ವಲ್ಪ ಯೋಚಿಸಬೇಕು. ಹದಿಹರೆಯದಲ್ಲಿ ಮಿದುಳಿನ ಲಗಾಮು ಇನ್ನೂ ಬಲಿತಿರುವುದಿಲ್ಲ. ಅದು ಪೂರ್ತಿಯಾಗುವುದು ಇಪ್ಪತ್ತು ದಾಟಿ ಕೆಲವು ವರ್ಷಗಳ ಮೇಲೆ.

ಸಂತೋಷದ ಸುದ್ದಿಯೂ ಇದೆ. ಸಿಗರೇಟು ಸೇದುವವರ ರಕ್ತದಲ್ಲಿ ಎ.ಎಚ್.ಆರ್.ಆರ್. ಎಂಬ ಜೀನಿನ ಮಿಥೈಲ್ ಗುರುತು ಅಳಿಸಿಹೋಗುತ್ತದೆ, ಹೆಚ್ಚು ಸೇದಿದಷ್ಟೂ ಹೆಚ್ಚು. ಬಿಟ್ಟವರಲ್ಲಿ ಅದು ನಿಧಾನವಾಗಿ, ವರ್ಷಗಳಲ್ಲಿ, ಮರಳಿ ಬರುತ್ತದೆ.

ಇನ್ನು, 2003ರ ತಂಬಾಕು ಕಾಯ್ದೆಯಂತೆ 18 ತುಂಬದವರಿಗೆ ತಂಬಾಕು ಮಾರಬಾರದು. ಶಾಲೆಯ ಸುತ್ತ 100 ಗಜದೊಳಗೆ, ಅಂದರೆ ಸುಮಾರು 91 ಮೀಟರಿನೊಳಗೆ, ಯಾರಿಗೂ ಮಾರಬಾರದು. ನಿಮ್ಮ ಶಾಲೆಯ ಹೊರಗೋಡೆಯಿಂದ ಗೂಡಂಗಡಿ ಎಷ್ಟು ದೂರ? ಮುಂದಿನ ಪಿ.ಟಿ.ಎ. ಸಭೆಗೆ ನಾವು ಅಳತೆಯ ಟೇಪು ತರುವವರಿದ್ದೇವೆ.