ಮೊದಲು ಗೆರೆ, ಆಮೇಲೆ ಅಕ್ಷರ

ಕುದುರೆ ಬೆವರಿನ ವಾಸನೆ ಮೊದಲು ಬರುತ್ತದೆ, ಸದ್ದು ಆಮೇಲೆ. 1817ರ ಮೇ 8. ಪುಣೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸೆಕೆ ತಾಳದೆ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದೀರಿ. ಗಾಳಿ ದಿಕ್ಕು ಬದಲಿಸಿದ್ದೇ ತಡ, ಮೂಗಿಗೆ ತೊಗಲು, ಲದ್ದಿ, ಉರಿದ ಬತ್ತಿಯ ಘಾಟು. ಎದ್ದು ಕೂರುತ್ತೀರಿ. ಊರಿನಂಚಿನಲ್ಲಿ ಗಾಲಿಗಳು ಉರುಳುತ್ತಿವೆ. ಸಂತೆಗೆ ಬರುವ ಎತ್ತಿನ ಗಾಡಿಗಳಾಗಿದ್ದರೆ ಗೆಜ್ಜೆ ಸದ್ದು ಇರುತ್ತಿತ್ತು. ಇವಕ್ಕೆ ಗೆಜ್ಜೆಯಿಲ್ಲ.

ತೋಪುಗಳು.

ನೀವು ಪೇಶ್ವೆಯವರ ದಫ್ತರದಲ್ಲಿ ಕಾರಕೂನರು, ಧಾರವಾಡದ ಕಡೆಯವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಹೊಟ್ಟೆಪಾಡಿಗೆ ಮೋಡಿ ಬರವಣಿಗೆ. ಧೋತರ ಬಿಗಿದು ಬೀದಿಗಿಳಿದಾಗ ಪಕ್ಕದ ಮನೆಯ ಹಿತ್ತಲಲ್ಲಿ ಯಾರೋ ಕತ್ತಲಲ್ಲೇ ನೆಲ ಅಗೆಯುತ್ತಿದ್ದಾರೆ. ಏನು ಹೂಳುತ್ತಿದ್ದಾರೆಂದು ನೀವು ಕೇಳುವುದಿಲ್ಲ. ಪೇಟೆಯ ಹಲಗೆ ಬಾಗಿಲುಗಳು ಒಂದೂ ತೆರೆದಿಲ್ಲ. ನಾಲಗೆ ಅಂಗುಳಕ್ಕೆ ಅಂಟಿದೆ. ಇಂಗ್ಲಿಷರ ಕರ್ನಲ್ ಸ್ಮಿತ್‌ನ ಪಲ್ಟಣಿನವರು ಊರನ್ನು ಸುತ್ತುವರಿಯುತ್ತಿದ್ದಾರೆಂಬ ಮಾತು ನಿಮಗಿಂತ ಮೊದಲೇ ವಾಡೆಯ ಬಾಗಿಲು ಮುಟ್ಟಿದೆ.

ಇದೆಲ್ಲ ಒಬ್ಬ ಮನುಷ್ಯನ ಸಲುವಾಗಿ. ಬಡೋದೆಯ ಗಾಯಕವಾಡರ ಪರವಾಗಿ ಲೆಕ್ಕದ ತಕರಾರು ಬಗೆಹರಿಸಲು ಬಂದಿದ್ದ ಗಂಗಾಧರ ಶಾಸ್ತ್ರಿಗಳು 1815ರ ಜುಲೈನಲ್ಲಿ ಪಂಢರಪುರದಲ್ಲಿ ಕೊಲೆಯಾದರು. ಅವರು ಬಂದದ್ದು ಇಂಗ್ಲಿಷರು ಕೊಟ್ಟ ಅಭಯದ ಮೇಲೆ. ಬೆರಳು ಪೇಶ್ವೆಯ ಆಪ್ತ ತ್ರಿಂಬಕಜಿ ಡೇಂಗಳೆಯತ್ತ ತಿರುಗಿತು. ಸೆರೆಯಾದ ಅವನಿಗೆ ಠಾಣೆಯ ಕೋಟೆಯಲ್ಲಿ ಗೋರಾ ಸಿಪಾಯಿಗಳ ಕಾವಲು. ಒಬ್ಬ ಕುದುರೆಯಾಳು ಕಿಟಕಿಯ ಕೆಳಗೆ ಕುದುರೆ ತಿಕ್ಕುತ್ತ ಮರಾಠಿಯಲ್ಲಿ ಹಾಡು ಹೇಳುತ್ತಿದ್ದನಂತೆ, ತಪ್ಪಿಸಿಕೊಳ್ಳುವ ದಾರಿಯೆಲ್ಲ ಆ ಹಾಡಿನಲ್ಲೇ ಇತ್ತಂತೆ. ಕಾವಲಿನವರಿಗೆ ಮರಾಠಿ ತಿಳಿಯದು. 1816ರ ಸೆಪ್ಟೆಂಬರಿನ ಒಂದು ರಾತ್ರಿ ಹಕ್ಕಿ ಹಾರಿತು. ಅಂದಿನಿಂದ ಸಂಗಮದ ಬಂಗಲೆಯಲ್ಲಿ ಕೂತ ರೆಸಿಡೆಂಟ್ ಮೌಂಟ್‌ಸ್ಟುಅರ್ಟ್ ಎಲ್ಫಿನ್‌ಸ್ಟನ್ ಸಾಹೇಬರದು ಒಂದೇ ಪಟ್ಟು: ಅವನಿಗೆ ಹಣ ಹೋಗುತ್ತಿರುವುದು ಪೇಶ್ವೆಯವರಿಂದಲೇ.

ಈಗ ಗಡುವು ಬಂದಿದೆ. ಒಂದು ತಿಂಗಳಲ್ಲಿ ತ್ರಿಂಬಕಜಿಯನ್ನು ಒಪ್ಪಿಸಬೇಕು. ಅದಕ್ಕೆ ಒತ್ತೆಯಾಗಿ ಸಿಂಹಗಡ, ಪುರಂದರ, ರಾಯಗಡ ಈಗಿಂದೀಗಲೇ ಬೇಕು. ರಾಯಗಡವೆಂದರೆ ಶಿವಾಜಿ ಮಹಾರಾಜರು ಪಟ್ಟಕ್ಕೇರಿದ ಗುಡ್ಡ. ಆ ಹೆಸರು ಕೇಳಿದಾಗ ಪಡಸಾಲೆಯಲ್ಲಿ ಯಾರೂ ಕೆಮ್ಮುವುದಿಲ್ಲ.

ನೀವು ಕಂಬಕ್ಕೆ ಬೆನ್ನು ಹಚ್ಚಿ ನಿಂತಿದ್ದೀರಿ. ಬೆವರು ಬೆನ್ನುಹುರಿಯಗುಂಟ ಇಳಿಯುತ್ತಿದೆ. ಒಳಗಿನ ಕೋಣೆಗೆ ಜನ ಹೋಗುತ್ತಾರೆ, ಬರುತ್ತಾರೆ, ಯಾರ ಮುಖವೂ ಮೇಲಕ್ಕೆದ್ದಿಲ್ಲ. ಬೇಡವೆಂದರೆ? ತೋಪುಗಳು ಬಾಯಿ ಬಿಡುತ್ತವೆ. ಹೂಂ ಎಂದರೆ? ಇವತ್ತು ಮೂರು ಕೋಟೆ, ನಾಳೆ ಏನೋ. ಓಡಿದರೆ? ಯಾವ ಬಾಗಿಲಿನಿಂದ? ಹೊತ್ತು ಏರುತ್ತಿದೆ. ಹೊರಗೆ ಒಂದು ಕುದುರೆ ಕೆನೆಯುತ್ತದೆ, ಪಡಸಾಲೆಯಲ್ಲಿದ್ದವರ ಹೆಗಲುಗಳೆಲ್ಲ ಒಮ್ಮೆಗೇ ಬಿಗಿಯುತ್ತವೆ. ಮತ್ತೊಂದು ಕುದುರೆ. ಹೆಜ್ಜೆ ಸದ್ದು. ಯಾರೋ ಒಳಗೆ ಓಡುತ್ತಾರೆ. ಬಾಗಿಲು. ಪಿಸುಮಾತು. ಮತ್ತೆ ಬಾಗಿಲು.

ಶ್ರೀಮಂತ ಪೇಶ್ವೆಯವರು ಒಪ್ಪಿದ್ದಾರೆ.

ಸಂಗಮದ ಕಡೆ ದೂತರು ಹೊರಡುತ್ತಾರೆ. ಆಗ ನಿಮ್ಮ ಮೊಣಕಾಲು ನಡುಗಲು ಶುರುವಾಗುತ್ತದೆ, ಅಲ್ಲಿಯವರೆಗೂ ಗಟ್ಟಿಯಾಗಿಯೇ ಇತ್ತು. ಈ ಪೇಶ್ವೆ ಎರಡನೇ ಬಾಜೀರಾಯನನ್ನು ಮುಂದಿನವರು ಅಂಜುಬುರುಕನೆಂದು ಬರೆದಿಟ್ಟರು, ಅದಕ್ಕೆ ಕಾರಣಗಳೂ ಬೇಕಾದಷ್ಟಿವೆ. ಆದರೆ ಆ ಮುಂಜಾನೆ ಹೂಂ ಎಂದದ್ದರಿಂದ ಹಿತ್ತಲಲ್ಲಿ ಬೆಳ್ಳಿ ಹೂತವರ ಮನೆಗಳಿಗೆ ಬೆಂಕಿ ಬೀಳಲಿಲ್ಲ. ನನಗೆ ಅದು ಅಂಜಿಕೆಯೆನ್ನಿಸುವುದಿಲ್ಲ.

ಐದು ವಾರ ಕಳೆದಿವೆ. ಜೂನ್ 13. ಮಿರಗದ ಮೋಡ ಕವಿದು ದಫ್ತರದ ಕೋಣೆ ಹಗಲಲ್ಲೇ ಮಬ್ಬಾಗಿದೆ. ತ್ರಿಂಬಕಜಿಯ ತಲೆಗೆ ಎರಡು ಲಕ್ಷ ರೂಪಾಯಿ ಕಟ್ಟಿದರೂ ಅವನು ಸಿಕ್ಕಿಲ್ಲ. ಸಿಕ್ಕಿದ್ದರೂ ಇಂದಿನ ಕಾಗದ ನಿಲ್ಲುತ್ತಿರಲಿಲ್ಲವೇನೋ. ಕರಾರು ಸಿದ್ಧವಾಗಿದೆ. ಪೇಶ್ವೆ ಇನ್ನು ಮರಾಠರ ಹಿರಿಯನಲ್ಲ. ಬೇರೆ ದರಬಾರುಗಳಲ್ಲಿ ಅವರ ವಕೀಲರು ಇರಕೂಡದು. ಗಾಯಕವಾಡರ ಮೇಲಿನ ಹಳೇ ಬಾಕಿ ವರ್ಷಕ್ಕೆ ನಾಲ್ಕು ಲಕ್ಷಕ್ಕೆ ತೀರಿಹೋಯಿತು. ಇಂಗ್ಲಿಷರು ಇಡುವ ದಂಡಿನ ಖರ್ಚಿಗೆ 34 ಲಕ್ಷದ ಹುಟ್ಟುವಳಿಯ ಸೀಮೆ ಬಿಟ್ಟುಕೊಡಬೇಕು. ಅಹಮದನಗರದ ಕೋಟೆ ಹೋಯಿತು, ಉತ್ತರ ಕೊಂಕಣ ಹೋಯಿತು. ಪಟ್ಟಿ ಓದುತ್ತ ಓದುತ್ತ ನಿಮ್ಮ ಕಣ್ಣು ಒಂದೆಡೆ ನಿಲ್ಲುತ್ತದೆ.

ಧಾರವಾಡ. ಕುಸುಗಲ್.

ಪಕ್ಕದಲ್ಲಿ ಕೂತ ಹಿರಿಯ ಕಾರಕೂನರೂ ಆ ಕಡೆಯವರೇ. ಅವರು ತಗ್ಗಿದ ದನಿಯಲ್ಲಿ ಕನ್ನಡಕ್ಕೆ ಹೊರಳುತ್ತಾರೆ.

“ತಮ್ಮಾ, ಕುಸುಗಲ್ಲ ಅಂದ್ರ ನಮ್ಮ ಸ್ವಾದರತ್ತಿ ಊರು. ಆಕಿಗೇನ ಗೊತ್ತದ ಈ ತ್ರಿಂಬಕಜಿ ಯಾರಂತ?”

ನಿಮ್ಮ ಬಳಿ ಉತ್ತರವಿಲ್ಲ. ಧಾರವಾಡದ ಕೋಟೆಯನ್ನು ಟೀಪುವಿನ ಕಡೆಯವರಿಂದ ಬಿಡಿಸಿಕೊಳ್ಳಲು ಮರಾಠರ ಸರದಾರ ಪರಶುರಾಮಭಾವು ಪಟವರ್ಧನರಿಗೆ 1790–91ರಲ್ಲಿ ಆರು ತಿಂಗಳಿಗೂ ಮಿಕ್ಕಿ ಹಿಡಿದಿತ್ತು, ಜೊತೆಯಲ್ಲಿ ಇಂಗ್ಲಿಷರ ಒಂದು ತುಕಡಿಯೂ ಇತ್ತು. ಮದ್ದಿನ ಹೊಗೆಯಲ್ಲಿ ಸತ್ತವರ ಕಥೆ ಹೇಳುವ ಮುದುಕರು ನಿಮ್ಮೂರಲ್ಲಿ ಇನ್ನೂ ಇದ್ದಾರೆ. ಈಗ ಅದೇ ಕೋಟೆಗೆ ಅರ್ಧ ಸಾಲು ಸಾಕಾಗಿದೆ.

ಒಪ್ಪಿಸಿಕೊಡುವ ಹುಕುಂ ಬರೆಯುವ ಕೆಲಸ ನಿಮ್ಮದು. ಬೋರು ಚೂಪು ಮಾಡಿ ಮಸಿಯಲ್ಲಿ ಅದ್ದುತ್ತೀರಿ. ಮೋಡಿ ಬರೆಯುವ ಕ್ರಮವೇ ಬೇರೆ. ಹಾಳೆಯ ಈ ಅಂಚಿನಿಂದ ಆ ಅಂಚಿಗೆ ಮೊದಲು ಗೆರೆ ಎಳೆಯಬೇಕು, ಆಮೇಲೆ ಅಕ್ಷರಗಳನ್ನು ಒಂದೊಂದಾಗಿ ಅದಕ್ಕೆ ತೂಗುಹಾಕಬೇಕು. ಗೆರೆ ಎಳೆಯುವಾಗ ಅದರ ಕೆಳಗೆ ಯಾವ ಊರು ಬಂದು ನೇತಾಡುತ್ತದೆಂದು ಕೈಗೆ ಗೊತ್ತಿರುವುದಿಲ್ಲ.

(ನೂರೈದು ವರ್ಷದ ಮೇಲೆ, 1922ರ ಡಿಸೆಂಬರಿನಲ್ಲಿ, ಅರಬಸ್ತಾನದ ಕಡಲಂಚಿನ ಉಕೈರ್‌ನಲ್ಲಿ ಇಂಗ್ಲಿಷ್ ಅಧಿಕಾರಿ ಸರ್ ಪರ್ಸಿ ಕಾಕ್ಸ್ ಕೆಂಪು ಪೆನ್ಸಿಲು ತೆಗೆದು ನಕಾಶೆಯ ಮೇಲೆ ಹೀಗೆಯೇ ಗೆರೆ ಎಳೆದ. ಇರಾಕು ಇಲ್ಲಿಗೆ, ನಜ್ದ್ ಅಲ್ಲಿಗೆ, ಕುವೈತಿಗೆ ಇಷ್ಟೇ. ಕುವೈತಿನ ಶೇಖ್ ಅಲ್ಲಿರಲೇ ಇಲ್ಲ. ಅವನ ಪರವಾಗಿ ಕೂತದ್ದೂ ಒಬ್ಬ ಇಂಗ್ಲಿಷ್ ಮೇಜರ್. ನಜ್ದಿನ ಒಡೆಯ ಇಬ್ನ್ ಸೌದ್ ಅರ್ಧ ರಾಜ್ಯ ಹೋಯಿತೆಂದು ಅತ್ತನಂತೆ. ಮರಳುಗಾಡಿಗೆ ಹೋಗುವ ಮುಂಚೆ ಕಾಕ್ಸ್ ಸಣ್ಣ ಹುದ್ದೆಗಳಲ್ಲಿ ಕಸುಬು ಕಲಿತದ್ದು ಕೊಲ್ಹಾಪುರ, ಸಾವಂತವಾಡಿಗಳಲ್ಲಿ, ಪುಣೆಯಿಂದ ಕುದುರೆ ಮೇಲೆ ಕೆಲವು ದಿನದ ದಾರಿ.)

ನಿಮ್ಮ ಕೈ ಗೆರೆ ಮುಗಿಸುತ್ತದೆ. ಬೋರು ಎತ್ತದೆ, ಒಂದೇ ಉಸಿರಿನಲ್ಲಿ ಧಾರವಾಡ ಬರೆಯುತ್ತೀರಿ. ಕುಸುಗಲ್ ಬರೆಯುವಾಗ ಮಾತ್ರ ಒಂದು ಹನಿ ಮಸಿ ಜಾರುತ್ತದೆ. ಹಿರಿಯರು ನೋಡಿಯೂ ನೋಡದವರಂತೆ ಮರಳಿನ ಡಬ್ಬಿ ಮುಂದೆ ಸರಿಸುತ್ತಾರೆ. ಉದುರಿಸುತ್ತೀರಿ, ಕೊಡವುತ್ತೀರಿ. ಹೊರಗೆ ಮೊದಲ ಹನಿಗಳು ಹಂಚಿನ ಮೇಲೆ ಬೀಳುತ್ತಿವೆ, ಮಣ್ಣಿನ ವಾಸನೆ ಒಳಗೆ ಬರುತ್ತದೆ. ನವೆಂಬರಿನಲ್ಲಿ ಖಡಕಿಯ ಬಯಲಲ್ಲಿ ಕಾಳಗವಾಗುತ್ತದೆ, ಸಂಗಮದ ಬಂಗಲೆ ಎಲ್ಫಿನ್‌ಸ್ಟನ್ನರ ಪುಸ್ತಕಗಳ ಸಮೇತ ಸುಟ್ಟುಹೋಗುತ್ತದೆ, ಹನ್ನೆರಡು ದಿನಕ್ಕೆ ಶನಿವಾರವಾಡೆಯ ಮೇಲೆ ಬೇರೆ ನಿಶಾನೆ ಏರುತ್ತದೆ. ಅದ್ಯಾವುದೂ ಈ ಕೋಣೆಗೆ ಇನ್ನೂ ತಿಳಿದಿಲ್ಲ.

“ನಾಳೆ ಜಾಸೂದ ಧಾರವಾಡಕ್ಕ ಹೊಂಟಾನ,” ಎನ್ನುತ್ತಾರೆ ಹಿರಿಯರು. “ಹಂಗ ನಮ್ಮತ್ತಿಗೂ ಎರಡು ಸಾಲು ಬರದು ಕೊಡು. ನನ್ನ ಕೈ ಇವತ್ತ ನಿಲ್ಲವಲ್ದು.”

“ಏನಂತ ಬರೀಲಿ, ರಾಯರ?”

ಅವರು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಾರೆ.

“ಮಳಿ ಆತೇನು ಅಂತ ಕೇಳು.”

ನೀವು ಚಿಕ್ಕ ತುಂಡು ಕಾಗದ ತೆಗೆದು ಕನ್ನಡದಲ್ಲಿ ಶುರು ಮಾಡುತ್ತೀರಿ. ಇಲ್ಲಿ ಗೆರೆ ಎಳೆಯಬೇಕಿಲ್ಲ. ತಲೆಕಟ್ಟು ಬೇಕಾದ ಅಕ್ಷರಕ್ಕೆ ಅದರದೇ ತಲೆಕಟ್ಟು.