ಕಾಳಿಯನ್ನು ನೋಡಿ ಊಟಕ್ಕೇಳಿ

ಮ್ಯೂಸಿಯಂಗೆ ತಾವಾಗಿಯೇ ಹೋಗುವವರು ಕಡಿಮೆ. ಹೆಚ್ಚಿನವರು ಯಾರನ್ನೋ ಕರೆದುಕೊಂಡು ಹೋಗುತ್ತಾರೆ, ಇಲ್ಲವೇ ಯಾರೋ ಕರೆದರೆಂದು ಹೋಗುತ್ತಾರೆ. ಊರಿಂದ ನೆಂಟರು ಬಂದಿದ್ದಾರೆ, ಲಾಲ್‌ಬಾಗ್ ಹೋದ ಸಲವೇ ಮುಗಿದಿದೆ, ಮಾಲ್‌ಗೆ ಹೋದರೆ ಜೇಬಿಗೆ ಕತ್ತರಿ. ಹೀಗೆಲ್ಲ ಲೆಕ್ಕ ಹಾಕಿದ ಮೇಲೇ ಬೆಂಗಳೂರಿನ ಸಂಸಾರವೊಂದು ಕಸ್ತೂರಬಾ ರಸ್ತೆಯ ಆ ಕೆಂಪು ಕಟ್ಟಡದ ಕಡೆ ಮುಖ ಮಾಡುವುದು. ಒಳಗೆ ಹೋದ ಮೇಲೂ ಎಲ್ಲರ ಮ್ಯೂಸಿಯಂ ಒಂದೇ ಅಲ್ಲ. ಮಾವನವರು ಪ್ರತಿಯೊಂದು ಫಲಕವನ್ನೂ ಗಟ್ಟಿಯಾಗಿ ಓದುತ್ತಾರೆ, ‘ಮುಟ್ಟಬಾರದು’ ಎಂಬುದನ್ನೂ ಸೇರಿಸಿ. ಅತ್ತೆಯವರ ಕಣ್ಣು ಬೆಂಚು ಹುಡುಕುತ್ತದೆ. ಮೊಮ್ಮಗನ ಜೀವವೆಲ್ಲ ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂನ ಡೈನೋಸಾರ್ ಮೇಲೆ. “ತಾತಾ, ಅದು ಅಲ್ಲಾಡತ್ತಂತೆ, ಬಾ” ಎಂದು ಪಂಚೆಯ ಅಂಚು ಹಿಡಿದು ಎಳೆಯುತ್ತಿರುತ್ತಾನೆ.

ಹುಡುಗನನ್ನು ಬೈಯುವುದು ನ್ಯಾಯವಲ್ಲ. ಅಲ್ಲಾಡುವುದರ ಮುಂದೆ ಅಲ್ಲಾಡದ್ದು ಸೋಲುತ್ತದೆ ಎಂಬುದನ್ನು ಎಡ್ವರ್ಡ್ ಬಾಲ್ಫರ್ ಎಂಬ ಡಾಕ್ಟರು ಯಾವತ್ತೋ ಕಂಡುಕೊಂಡಿದ್ದರು. 1851ರಲ್ಲಿ ಶುರುವಾದ ಮದರಾಸಿನ ಮ್ಯೂಸಿಯಂ ಅವರ ಉಸ್ತುವಾರಿಯಲ್ಲಿತ್ತು. ಕಲ್ಲು, ಖನಿಜ, ಚಿಪ್ಪುಗಳ ನಡುವೆ ಜೀವಂತ ಹುಲಿಮರಿ ಮತ್ತು ಚೀತಾ ಬಂದದ್ದೇ ತಡ, ಜನ ಮುಗಿಬಿದ್ದರು. ಮುಂದೆ ಅಲ್ಲಿ ಮೃಗಾಲಯವೇ ಹುಟ್ಟಿಕೊಂಡಿತು. ಚಿಪ್ಪು ನೋಡಲೆಂದು ಯಾರಾದರೂ ಬಂದಿದ್ದರೆ ಅವರಿಗೂ ಹುಲಿಯೇ ನೆನಪಿನಲ್ಲಿ ಉಳಿದಿರಬೇಕು. ಅದೇ ಬಾಲ್ಫರ್ ಅವರ ಪ್ರಯತ್ನದಿಂದಲೇ 1865ರಲ್ಲಿ ನಮ್ಮ ಬೆಂಗಳೂರಿನ ಮ್ಯೂಸಿಯಂ ಆದದ್ದು. ಮೊದಲು ಅದು ಇದ್ದದ್ದು ದಂಡಿನ ಹಳೇ ಜೈಲಿನ ಕಟ್ಟಡದಲ್ಲಿ. ಆಮೇಲೆ ಈಗಿನ ಜಾಗಕ್ಕೆ ಬಂತು, ಮ್ಯೂಸಿಯಂ ರೋಡ್ ಎಂಬ ಹೆಸರು ಮಾತ್ರ ಹಳೇ ಜಾಗದಲ್ಲೇ ಉಳಿಯಿತು. ಇಂದಿಗೂ ಆ ರಸ್ತೆಯಲ್ಲಿ ಆಟೋ ನಿಲ್ಲಿಸಿ “ಮ್ಯೂಸಿಯಂ ಎಲ್ರೀ?” ಎಂದು ಕೇಳುವ ಹೊರಗಿನವರನ್ನು ನೋಡಿ ನಕ್ಕು ಪ್ರಯೋಜನವಿಲ್ಲ. ಹೆಸರು ನಂಬಿ ಬಂದವರು, ಪಾಪ.

ಪ್ರಾಣಿಗಳ ಮಾತು ಬಂತಲ್ಲ, ಮೈಸೂರಿಗೆ ಹೋಗದೆ ವಿಧಿಯಿಲ್ಲ. ಅಲ್ಲಿ ಕಾರಂಜಿ ಕೆರೆಯ ದಡದಲ್ಲಿ 1995ರಲ್ಲಿ ಪ್ರಾದೇಶಿಕ ನಿಸರ್ಗ ವಿಜ್ಞಾನ ಮ್ಯೂಸಿಯಂ ಆಯಿತು. ಕೆರೆಯ ಮೇಲಿನ ಜೀವಂತ ಹಕ್ಕಿಗಳು ಒಳಗಿನ ಮಾದರಿಗಳ ಜೊತೆ ಬಿಟ್ಟಿಯಾಗಿ ಪೈಪೋಟಿ ನಡೆಸುತ್ತವೆ. ಅದೇ ಮೈಸೂರಿನಲ್ಲಿ ವ್ಯಾನ್ ಇಂಗೆನ್ ಮನೆತನದವರ ಕಾರ್ಖಾನೆಯಿತ್ತು. ರಾಜರು, ದೊರೆಗಳು ಹೊಡೆದ ಹುಲಿ, ಚಿರತೆಗಳ ಚರ್ಮ ಅಲ್ಲಿಗೆ ಬರುತ್ತಿತ್ತು. ಒಳಗೆ ಕಾಗದದ ಅಚ್ಚು, ಗಾಜಿನ ಕಣ್ಣು ಕೂರಿಸಿ, ತುಟಿ ಸುಕ್ಕುಗಟ್ಟಿಸಿ ಗುರ್ರೆನ್ನುವ ಹುಲಿ ಮಾಡಿ ಕಳಿಸುತ್ತಿದ್ದರು. ಆ ಕೆಲಸದಲ್ಲಿ ಅವರಿಗೆ ಜಗತ್ತಿನಲ್ಲೇ ಹೆಸರು. 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತಿತು, 1999ರ ಹೊತ್ತಿಗೆ ಕಾರ್ಖಾನೆಯೂ ಮುಚ್ಚಿತು. ಸತ್ತ ಹುಲಿ ನಿಜವಾಗಿ ಗುರ್ರೆನ್ನುತ್ತಾ ಸತ್ತಿತೋ, ನಿದ್ದೆಗಣ್ಣಿನಲ್ಲಿ ಗುಂಡು ತಿಂದಿತೋ, ಯಾರಿಗೆ ಗೊತ್ತು? ಗೋಡೆಗೆ ಏರಿದ ಮೇಲೆ ಗುರ್ರೆನ್ನಲೇಬೇಕು, ಹೊಡೆದವರ ಮಾನದ ಪ್ರಶ್ನೆ. ಅಂಥ ತಲೆಗಳ ಕೆಳಗಿನ ಹಲಗೆಯಲ್ಲಿ ಬೇಟೆಯ ಸ್ಥಳ ಇರುತ್ತದೆ, ತಾರೀಕು ಇರುತ್ತದೆ, ಕೋವಿ ಹಿಡಿದವರ ಹೆಸರು ಬಿರುದುಬಾವಲಿ ಸಮೇತ ಇರುತ್ತದೆ. ಹುಲಿ ಮಾತ್ರ ಬರೀ ಹುಲಿ.

ಇಲ್ಲೇ ನನಗೆ ಕಾಳಿಯ ನೆನಪಾಗುವುದು. ಕಾಳಿ ಒಂದು ಬೇಟೆನಾಯಿ. ಹತ್ತನೆಯ ಶತಮಾನದ್ದು. ಅದರ ಕಲ್ಲು ಸಿಕ್ಕಿದ್ದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಸೇರಿದ್ದು ಬೆಂಗಳೂರಿನ ಮ್ಯೂಸಿಯಂಗೆ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುತ್ತಿವೆ, ಸುತ್ತ ಹಳಗನ್ನಡ. ಸಂಗತಿ ಸಣ್ಣದಲ್ಲ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ದೊಡ್ಡ ಕಾಳಗ. ಕೃಷ್ಣನ ಕಡೆಯ ಗಂಗದೊರೆ ಇಮ್ಮಡಿ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ; ಬನವಾಸಿಯಂಥ ನಾಡುಗಳೇ ಅವನಿಗೆ ಬಹುಮಾನವಾಗಿ ಬಂದವು. ಬೂತುಗನ ಬಂಟ ಮಣಲೇರನೂ ಮೆಚ್ಚುವಂತೆ ಕಾದಿದ. “ಏನು ಬೇಕೋ ಕೇಳು” ಎಂದರೆ ಪುಣ್ಯಾತ್ಮ ಕೇಳಿದ್ದು ಕಾಳಿಯನ್ನು! ಆಮೇಲೆ ಕೆಲಲೆ ನಾಡಿನ ಬೆಳ್ತೂರು ಬೆಟ್ಟದ ಹತ್ತಿರ ಅದನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಿ ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ಸಾಮ್ರಾಜ್ಯಗಳ ಸುದ್ದಿಯೂ ಒಂದು ನಾಯಿಯ ಸುದ್ದಿಯೂ ಒಂದೇ ಕಲ್ಲಿನಲ್ಲಿ. ನಾಯಿಗೆ ಹೆಸರೂ ಉಂಟು. ಬಂಗಲೆಗಳ ಗೋಡೆಯ ಮೇಲಿನ ಅಷ್ಟೊಂದು ಹುಲಿಗಳಿಗೆ ಸಿಗದ ಮರ್ಯಾದೆ ಇದು.

ಮಣಲೇರನ ಬುದ್ಧಿವಂತಿಕೆ ಇರುವುದು ಮುಂದಿನ ಏರ್ಪಾಡಿನಲ್ಲಿ. ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ಳಲಿಲ್ಲ. ಅದಕ್ಕೆಂದು ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಡಿಸಿದ. ಪೂಜೆಗೊಬ್ಬ ಗೊರವ. ಆ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದು ಅದೇ ಕಲ್ಲಿನಲ್ಲಿ ಬರೆಸಿದ. ಅಂದರೆ ವಸ್ತುವಿಗೊಂದು ದಿನಚರಿ, ದಿನಚರಿಗೊಬ್ಬ ಮನುಷ್ಯ, ಮನುಷ್ಯನಿಗೆ ಸಂಬಳ, ಸಂಬಳ ತಿಂದು ಕೆಲಸ ಬಿಟ್ಟರೆ ಶಾಪ. ಮ್ಯೂಸಿಯಂ ನಡೆಸುವುದು ಹೇಗೆಂದು ಇದಕ್ಕಿಂತ ಚಿಕ್ಕದಾಗಿ ಬರೆದವರನ್ನು ನಾನು ಕಾಣೆ.

ನಾವು ಕಲ್ಲನ್ನು ತಂದೆವು, ಗೊರವನನ್ನು ತರುವುದು ಬಿಟ್ಟುಹೋಯಿತು. ಪೀಠ ಕೊಟ್ಟೆವು, ಫಲಕ ಬರೆದೆವು. ಶಾಸನ, ಕಾಲ, ಸ್ಥಳ. ಪಡಿತರ ಚೀಟಿಯಷ್ಟು ಚೊಕ್ಕ. ಅದನ್ನು ಮಾವನವರು ಗಟ್ಟಿಯಾಗಿ ಓದಿ ಮುಂದೆ ಹೋಗುತ್ತಾರೆ. ಅವರ ತಪ್ಪೇನಿದೆ? ಅಲ್ಲೊಬ್ಬರು ನಿಂತು “ಸ್ವಾಮಿ, ಗೆದ್ದು ಬಂದವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ನಾಯಿ ಕೇಳಿದ” ಎಂದು ಶುರುಮಾಡಲಿ ನೋಡೋಣ. ಅತ್ತೆಯವರು ಬೆಂಚು ಮರೆಯುತ್ತಾರೆ. ಡೈನೋಸಾರ್ ಕೂಡ ಹತ್ತು ನಿಮಿಷ ಕಾಯುತ್ತದೆ.

ಮೇ 18ಕ್ಕೆ ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ಉಪನ್ಯಾಸ, ವಿಶೇಷ ಪ್ರದರ್ಶನ, ಮಕ್ಕಳಿಗೆ ಚಿತ್ರ ಬರೆಸುವುದು ಎಲ್ಲ ನಡೆಯುತ್ತದೆ. ರಜದಲ್ಲಿ ಬೇಸಿಗೆ ಶಿಬಿರ, ಜೂನ್ 5ಕ್ಕೆ ಪರಿಸರ ದಿನದ ಪ್ರಬಂಧ ಸ್ಪರ್ಧೆ. ಇವೆಲ್ಲ ಮೇಲುಖರ್ಚು, ಹಣ ಉಳಿದರೆ ಮಾಡೋಣ ಎನ್ನುವವರಿದ್ದಾರೆ. ಅಂಥವರನ್ನು ಆತಕೂರಿನ ಕಲ್ಲಿನ ಮುಂದೆ ಒಮ್ಮೆ ನಿಲ್ಲಿಸಬೇಕು. ಮಣಲೇರನ ಲೆಕ್ಕದಲ್ಲಿ ಗೊರವನ ಪಾಲು ಕಲ್ಲಿನ ಜೊತೆಯಲ್ಲೇ ಕೆತ್ತಿದ್ದು, ಆಮೇಲೆ ನೋಡೋಣ ಎಂದದ್ದಲ್ಲ. ಒಂದು ದಿನದ ಜಾತ್ರೆಯನ್ನೂ ಅವನು ಕೇಳಲಿಲ್ಲ; ದಿನಾ, ಊಟಕ್ಕೆ ಮುಂಚೆ ಎಂದ. ಶಿಬಿರಕ್ಕೆ ಬಂದ ಮಗುವೊಂದು ಕಾಳಿಯ ಕತೆ ಕೇಳಿ, ಮನೆಗೆ ಹೋಗಿ ತನ್ನ ಬೀದಿಯ ನಾಯಿಗೊಂದು ಹೆಸರಿಟ್ಟರೆ ಪೂಜೆ ಸಂದಂತೆಯೇ.

ಶಾಪ ಇನ್ನೂ ಜಾರಿಯಲ್ಲಿದೆಯೇ ಎಂದು ಶಾಸನತಜ್ಞರನ್ನು ಕೇಳಬೇಕಾಗಿಲ್ಲ. ರದ್ದು ಮಾಡಿದ ಆದೇಶವಂತೂ ಯಾವ ಕಲ್ಲಿನಲ್ಲೂ ಇಲ್ಲ. ಹಾಗಾಗಿ ಕಬ್ಬನ್ ಪಾರ್ಕಿನ ಮರದಡಿ ಪುಳಿಯೋಗರೆ ಡಬ್ಬಿ ಬಿಚ್ಚುವ ಮೊದಲು ಅತ್ತೆ, ಮಾವ, ಮೊಮ್ಮಗ ಎಲ್ಲರೂ ಕಾಳಿಯನ್ನು ಒಮ್ಮೆ ವಿಚಾರಿಸಿಕೊಂಡೇ ಬರುವುದು ಒಳ್ಳೆಯದು.